ಮುನಿರಾಜು ದೋಣಿಯ ಪ್ರೊಪೆಲರ್ ತಿದ್ದಿಸಿದ್ದು

ನಾನು ನಿಂತಿದ್ದ ಜಾಗ

ಇಂಗ್ಲೆಂಡಿನ ಸೋರ್ ಎಂಬ ನದಿಯಲ್ಲಿ, ಬ್ಯಾರೋ ಎಂಬ ಹಳ್ಳಿಯ ಹತ್ತಿರ ಒಂದು ಲಾಕಿದೆ, ಎಂದರೆ ನೀರು ತುಂಬಿಸಿ ಇಳಿಸಿ ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ, ಎರಡು ತುದಿಗೂ ಬಾಗಿಲಿರುವ ತೊಟ್ಟಿ. ಅದರ ಕೆಳಬಾಗಿಲ ಪಕ್ಕದ ಕಲ್ಲುಹಾಸಿನ ಮೇಲೆ ನಾನು ನಿಂತಿದ್ದೆ. ಎರಡು ವರ್ಷದ ಹಿಂದೆ, ಅಕ್ಟೋಬರ್ ತಿಂಗಳ ಕೊನೆಯ ಗುರುವಾರ, ಹಗಲು ಹನ್ನೊಂದು ಕಳೆದಿತ್ತು. ಮಳೆ ಇರಲಿಲ್ಲ. ಬೆಳಗಿನ ಮಂಜು ಎದ್ದುಹೋಗಿತ್ತು. ನನಗೂ ಮುನಿರಾಜುವಿನ ದೋಣಿಗೂ ನಡುವೆ ಒಂದು ಶಾಲೆಯ ಆಟದ ಬಯಲಿನಷ್ಟು ಅಂತರವಿತ್ತು. ಅಡ್ಡಲಾಗಿ ಮರವಾಗಲಿ ಪೊದೆಯಾಗಲಿ ಇರಲಿಲ್ಲ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮುನಿರಾಜು ಸತ್ತ ಬಗ್ಗೆ ಚಿಂತಾಮಣಿಯಲ್ಲಿ ಎರಡು ಮಾತು ಓಡಾಡುತ್ತಿವೆ. ಅವನು ಕುಡಿದಿದ್ದ ಎಂಬುದು ಒಂದು. ಹೆಂಡತಿ ಹೋದ ಬೇಸರದಲ್ಲಿ ತಾನಾಗಿಯೇ ನೀರಿಗೆ ಇಳಿದ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ಅಲ್ಲಿರಲಿಲ್ಲ. ನಾನು ಇದ್ದೆ. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕಣ್ಣಾರೆ ನೋಡಿದ ಕಲ್ಲನ್ನೂ ಬೇರೆಯವರು ತೋರಿಸಿದ ಕಲ್ಲನ್ನೂ ಬೇರೆ ಬೇರೆಯಾಗಿ ಗುರುತಿಸುವುದು ನಮ್ಮ ಅಭ್ಯಾಸ. ಇಲ್ಲಿಯೂ ಕಂಡದ್ದನ್ನು ಕಂಡೆ ಎಂದೂ ಕಾಣದ್ದನ್ನು ಕಾಣಲಿಲ್ಲ ಎಂದೂ ಹೇಳುತ್ತೇನೆ.

ಶಾರ್ಡ್ಲೋ

ಮುನಿರಾಜು ಕೆಂಚಾರ್ಲಹಳ್ಳಿಯವನು. ಚಿಂತಾಮಣಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನೂ ಅವನ ಹೆಂಡತಿ ಕಮಲಮ್ಮನೂ ನರ್ಸುಗಳಾಗಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯೇ ನೆಲೆಸಿದರು. ಕಮಲಮ್ಮ ತೀರಿಕೊಂಡ ಮೇಲೆ ಅವನು ಮನೆ ಮಾರಿ ಒಂದು ಕಾಲುವೆ ದೋಣಿ ಕೊಂಡು ಅದರಲ್ಲಿ ವಾಸಕ್ಕೆ ನಿಂತ. ಊರಿನಲ್ಲಿ ಇದನ್ನು ಕೇಳಿ ನಕ್ಕವರಿದ್ದರು. ನನಗೆ ನಗು ಬರಲಿಲ್ಲ, ಅರ್ಥವೂ ಆಗಲಿಲ್ಲ. ಬಂದು ನೋಡು ಎಂದು ಅವನು ಕರೆದ. ಹೋದೆ.

ಶಾರ್ಡ್ಲೋ ಎಂಬುದು ಕಾಲುವೆಯ ದಂಡೆಯ ಹಳ್ಳಿ. ದೋಣಿ ನಮ್ಮ ಎರಡು ಖಾಸಗಿ ಬಸ್ಸುಗಳನ್ನು ಹಿಂದೆ ಮುಂದೆ ನಿಲ್ಲಿಸಿದಷ್ಟು ಉದ್ದ, ಒಂದು ಬಸ್ಸಿನಷ್ಟೂ ಅಗಲವಿಲ್ಲ. ಒಳಗೆ ಹಾಸಿಗೆ, ಸೌದೆ ಒಲೆ, ಪುಸ್ತಕದ ಗೂಡು, ಕಿಟಕಿಯಲ್ಲಿ ಸಣ್ಣ ಬುದ್ಧನ ಪ್ರತಿಮೆ. ಮೊದಲ ದಿನವೇ ಬಾಗಿಲ ಮೇಲ್ಕಟ್ಟಿಗೆ ಹಣೆ ಹೊಡೆದುಕೊಂಡೆ. ಎರಡನೆಯ ದಿನವೂ ಹೊಡೆದುಕೊಂಡೆ. ಮುನಿರಾಜು ಅಲ್ಲಿಗೆ ಒಂದು ಹಳೆಯ ಕಾಲುಚೀಲ ಕಟ್ಟಿ, ನನ್ನ ತಲೆಯ ಚಿಂತೆ ಬಿಟ್ಟ.

ಕಾಲುವೆಯಲ್ಲಿ ದೋಣಿ ಹೋಗುವುದು ಮನುಷ್ಯ ನಡೆಯುವುದಕ್ಕಿಂತ ನಿಧಾನ. ಕೋಲೂರಿಕೊಂಡು ಹೋಗುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಇವತ್ತು ಪರವಾಗಿಲ್ಲ ಅಲ್ಲವೇ ಎಂದು ಹವೆಯ ವಿಷಯ ಮಾತಾಡಿ ಮುಂದೆ ಹೋದಳು. ಅಲ್ಲಿ ಎಲ್ಲರೂ ಹವೆಯ ವಿಷಯವನ್ನೇ ಮಾತಾಡುತ್ತಾರೆ. ನಮ್ಮಲ್ಲಿ ಯಾವೂರು, ಯಾರ ಪೈಕಿ ಎಂದು ಕೇಳಿದ ಮೇಲೆಯೇ ಮುಂದಿನ ಮಾತು. ಅಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮೊದಮೊದಲು ಹಗುರವೆನಿಸಿತು. ಆಮೇಲೆ ನಾನೇ ಇಲ್ಲವೇನೋ ಅನ್ನಿಸತೊಡಗಿತು.

ಮುನಿರಾಜುವಿನ ಮಗಳು ಸುಮ ಲೆಸ್ಟರ್ ನಗರದಲ್ಲಿದ್ದಾಳೆ. ಆಗ ಅವಳಿಗೆ ಕೂಸು ಹುಟ್ಟಿ ಕೆಲವೇ ವಾರ. ಅವಳ ಮನೆಯ ಹತ್ತಿರದ ಕಟ್ಟೆಯಲ್ಲಿ ದೋಣಿ ಕಾಯಂ ಕಟ್ಟಿಕೊಳ್ಳಲು ಮುನಿರಾಜುವಿಗೆ ಒಂದು ಜಾಗ ಸಿಕ್ಕಿತ್ತು. ಬಹಳ ದಿನ ಕಾದು ಪಡೆದ ಜಾಗ. ಅಕ್ಟೋಬರ್ ಮುಗಿಯುವುದರೊಳಗೆ ಬಂದು ಕಟ್ಟದಿದ್ದರೆ ಸಾಲಿನಲ್ಲಿ ಮುಂದಿನವರಿಗೆ ಹೋಗುತ್ತಿತ್ತು. ಕಾಯಂ ಜಾಗವಿಲ್ಲದ ದೋಣಿ ಎಲ್ಲಿಯೂ ಎರಡು ವಾರಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಮಂಡಿ ಹಿಡಿದುಕೊಂಡಿದ್ದ ಮುನಿರಾಜುವಿಗೆ ಇನ್ನೊಂದು ಚಳಿಗಾಲ ಹೀಗೆ ಅಲೆಯಲು ಆಗುತ್ತಿರಲಿಲ್ಲ. ಜಾಗ ತಪ್ಪಿದರೆ ದೋಣಿ ಮಾರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದ.

ಅವಳ ಮನೆಯಲ್ಲಿಯೇ ಇರಬಹುದಲ್ಲ ಎಂದು ನಾನು ಕೇಳಿದೆ.

"ಅಲ್ಲಿದ್ರೆ ಬರೀ ಸುಮನ ಅಪ್ಪ ಆಗ್ತೀನಿ ಕಣೋ," ಅಂದ. "ಇಲ್ಲಿದ್ರೆ ಮುನಿರಾಜು ಆಗಿರ್ತೀನಿ. ಸಾಯಂಕಾಲ ಹೋಗಿ ಮಗು ಎತ್ಕೊಂಡು ಬಂದ್ರಾಯ್ತು."

ಲೆಸ್ಟರಿಗೆ ಹೋಗಬೇಕಾದರೆ ಕಾಲುವೆ ಬಿಟ್ಟು ಸೋರ್ ನದಿಯಲ್ಲಿ ಎದುರು ಹರಿವಿಗೆ ಏರಬೇಕು. ಸೆಪ್ಟೆಂಬರಿನಲ್ಲಿ ಅವನೊಮ್ಮೆ ಪ್ರಯತ್ನಿಸಿದ್ದ. ಎಂಜಿನ್ ಕಿರುಚಿತು, ದೋಣಿ ನಿಂತಲ್ಲೇ ನಿಂತಿತು. ಹಿಂತಿರುಗಿ ಬಂದ. ದೋಷವಿದ್ದದ್ದು ಪ್ರೊಪೆಲರಿನಲ್ಲಿ. ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಆ ಮೂರು ಅಲಗಿನ ಚಕ್ರವನ್ನು ಅವನು ನನಗೆ ಸ್ಕ್ರೂ ಮೊಳೆಯ ಹೋಲಿಕೆ ಕೊಟ್ಟು ವಿವರಿಸಿದ. ಒಂದು ಸುತ್ತು ತಿರುಗಿದರೆ ಎಷ್ಟು ಮುಂದಕ್ಕೆ ಹೋಗುತ್ತದೆ ಎಂಬುದು ಅಲಗಿನ ಓರೆಯ ಮೇಲೆ. ಅವನದರ ಓರೆ ಕಡಿಮೆ. ನಿಂತ ನೀರಿಗೆ ಸಾಕು, ಹರಿಯುವ ನೀರಿಗೆ ಸಾಲದು. ಅಲಗು ಕಾಯಿಸಿ ಬಗ್ಗಿಸಿ ಓರೆ ಹೆಚ್ಚಿಸಬೇಕಿತ್ತು.

ನೀರಿಲ್ಲದ ತೊಟ್ಟಿ

ಪ್ರೊಪೆಲರ್ ಬಿಚ್ಚಲು ದೋಣಿ ನೀರಿನಿಂದ ಹೊರಗಿರಬೇಕು. ಹಳ್ಳಿಯ ದೋಣಿಕಟ್ಟೆಯಲ್ಲಿ ಅದಕ್ಕೊಂದು ಇಟ್ಟಿಗೆಯ ತೊಟ್ಟಿ ಇತ್ತು. ದೋಣಿಯನ್ನು ಒಳಗೆ ತಂದು, ಬಾಯಿಗೆ ಹಲಗೆ ಇಳಿಸಿ, ನೀರು ಬಿಟ್ಟುಬಿಡುತ್ತಾರೆ. ನೀರು ಇಳಿದಂತೆ ದೋಣಿ ಮರದ ದಿಮ್ಮಿಗಳ ಮೇಲೆ ಕೂತಿತು. ಹೊಟ್ಟೆ ಕರಿ, ಪಾಚಿ, ಅಂಟಿಕೊಂಡ ಕಪ್ಪೆಚಿಪ್ಪು. ಲಾಳ ಕಟ್ಟಲು ಕೆಡವಿದ ಎತ್ತಿನ ನೆನಪಾಯಿತು. ಅಷ್ಟು ದೊಡ್ಡ ಪ್ರಾಣಿ ನೆಲಕ್ಕೆ ಬಿದ್ದು ನಮ್ಮ ಮುಖವನ್ನೇ ನೋಡುವ ಹಾಗೆ.

ಅಲ್ಲಿ ನಮಗಿಂತ ಮುಂಚಿನ ಸರದಿ ಕೆನ್ ಮತ್ತು ವೆಂಡಿ ಎಂಬ ಗಂಡಹೆಂಡತಿಯದು. ಇಬ್ಬರೂ ಎಪ್ಪತ್ತು ದಾಟಿದವರು. ತಮ್ಮ ದೋಣಿಯ ತಳಕ್ಕೆ ಡಾಂಬರು ಬಳಿಯಲು ಬಂದಿದ್ದರು. ಮುನಿರಾಜು ಅವರಿಗೆ ಮುದ್ದೆ, ಬಸ್ಸಾರು ಮಾಡಿ ಬಡಿಸಿದ. ಅಗಿಯದೆ ನುಂಗಬೇಕೆಂದು ಹೇಳಿಕೊಟ್ಟ. ವೆಂಡಿ ನುಂಗಿದರು. ಕೆನ್ ಮಾತ್ರ ಅಗಿದೂ ಅಗಿದೂ, ಕೊನೆಗೆ ಕರವಸ್ತ್ರ ಕೇಳಿದರು.

"ಬಿಡಪ್ಪಾ, ಇವರ ದೇಶದಲ್ಲಿ ಅಗಿಯೋದು ಮರ್ಯಾದೆ," ಅಂದ ಮುನಿರಾಜು ಕನ್ನಡದಲ್ಲಿ. ಅವನು ಅಷ್ಟು ನಕ್ಕದ್ದನ್ನು ಆ ಪ್ರವಾಸದಲ್ಲಿ ನಾನು ಕಂಡದ್ದು ಎರಡು ಸಲ. ಇದು ಮೊದಲನೆಯದು.

ಗ್ರಹಾಂ ಅವರ ಶೆಡ್ಡು

ಪ್ರೊಪೆಲರನ್ನು ಗೋಣಿಯಲ್ಲಿ ಸುತ್ತಿ, ಬಾಡಿಗೆ ಕಾರಿನಲ್ಲಿಟ್ಟು, ಗ್ರಹಾಂ ಎಂಬವರ ಶೆಡ್ಡಿಗೆ ಒಯ್ದೆವು. ನಮ್ಮ ಚಿಂತಾಮಣಿಯಲ್ಲಿ ಬೋರ್‌ವೆಲ್ ಮೋಟರ್ ಬಿಚ್ಚಿದರೆ ಸುತ್ತ ಹತ್ತು ಜನ ನಿಂತು, ಅಲ್ಲಿ ಹೊಡಿ, ಇಲ್ಲಿ ತಿರುಗಿಸು ಎಂದು ಕನ್ನಡ, ತೆಲುಗು, ಉರ್ದುವಿನಲ್ಲಿ ಸಲಹೆ ಕೊಡುತ್ತಾರೆ. ಅಲ್ಲಿ ನಿಂತವರು ನಾವಿಬ್ಬರೇ. ಮುನಿರಾಜು ಅಭ್ಯಾಸಬಲದಿಂದ ಎರಡು ಸಲಹೆ ಕೊಟ್ಟ. ಗ್ರಹಾಂ ಕೆಲಸ ನಿಲ್ಲಿಸಿ, ಟೀ ಮಾಡಿ, ಇಬ್ಬರ ಕೈಗೂ ಲೋಟ ಕೊಟ್ಟು, ಬಾಗಿಲ ಹತ್ತಿರದ ಬೆಂಚು ತೋರಿಸಿದರು. ಬಾಯಿ ಮುಚ್ಚಿ ಎಂದು ಹೇಳುವ ಅಲ್ಲಿಯ ರೀತಿ ಅದು.

ಅವರು ಒಂದೊಂದೇ ಅಲಗನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿದರು. ಓರೆಯಾಗಿ ಎರಕ ಹೊಯ್ದ ಒಂದು ಕಬ್ಬಿಣದ ಅಚ್ಚಿನ ಮೇಲಿಟ್ಟು, ಅಲಗು ಅದಕ್ಕೆ ಸರಿಯಾಗಿ ಕೂರುವ ತನಕ ಸುತ್ತಿಗೆಯಿಂದ ತಟ್ಟಿದರು. ಹೊಡೆತ ಜೋರಿನದಲ್ಲ. ಮೂರು ಅಲಗೂ ಒಂದೇ ಸಮ ಬರಬೇಕು, ಇಲ್ಲದಿದ್ದರೆ ದೋಣಿ ನಡುಗುತ್ತದೆ. ಯಾವಾಗ ಸಿಗುತ್ತದೆ ಎಂದು ಕೇಳಿದರೆ, ಆರಿದ ಮೇಲೆ ಎಂದರು. ಅಷ್ಟೇ.

ಕೊಡುವಾಗ ಗ್ರಹಾಂ ಒಂದು ಮಾತು ಹೇಳಿದರು. ನಾನೂ ಕೇಳಿಸಿಕೊಂಡೆ. ಇನ್ನು ಮುಂದೆ ಪೂರ್ತಿ ಜೋರು ಕೊಟ್ಟಾಗ ದೋಣಿಯ ಹಿಂಬದಿ ಮೊದಲಿಗಿಂತ ತಗ್ಗುತ್ತದೆ, ಅದು ಸಹಜ, ಆದರೆ ಕಸದ ಕಿಂಡಿಯ ಮುಚ್ಚಳ ಬಿಗಿಯಾಗಿರಲಿ ಎಂದರು.

ಈ ಕಿಂಡಿ ಏನೆಂದು ಹೇಳಬೇಕು. ದೋಣಿಯ ಹಿಂಬದಿಯಲ್ಲಿ ಚಾಲಕ ನಿಲ್ಲುವ ಹಲಗೆಯ ಕೆಳಗೆ ಎಂಜಿನ್ ಗುಂಡಿ ಇದೆ. ಆ ಗುಂಡಿಯಲ್ಲಿ, ಪ್ರೊಪೆಲರಿನ ನೇರ ಮೇಲೆ, ಚೌಕವಾದ ಒಂದು ಕೊಳವೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೆ ಬಂದಿರುತ್ತದೆ. ಪ್ರೊಪೆಲರಿಗೆ ಹಗ್ಗವೋ ಪ್ಲಾಸ್ಟಿಕ್ಕೋ ಸುತ್ತಿಕೊಂಡರೆ ಅದರ ಮುಚ್ಚಳ ತೆಗೆದು, ತೋಳು ಇಳಿಸಿ ಬಿಡಿಸಬಹುದು. ಮುಚ್ಚಳದ ಮೇಲೆ ಅಡ್ಡ ಒಂದು ಕಬ್ಬಿಣದ ಪಟ್ಟಿ, ಪಟ್ಟಿಯ ನಡುವೆ ಒಂದು ತಿರುಪು. ಮುಚ್ಚಳ ಇಟ್ಟರೆ ಸಾಲದು. ಪಟ್ಟಿ ಹಾಕಿ ತಿರುಪು ಬಿಗಿಯಬೇಕು. ಇಲ್ಲದಿದ್ದರೆ ತಿರುಗುವ ಪ್ರೊಪೆಲರ್ ನೀರನ್ನು ಮೇಲಕ್ಕೆ ಎರಚಿ ದೋಣಿಯೊಳಕ್ಕೆ ತುಂಬಿಬಿಡುತ್ತದೆ. ಕಾಲುವೆಯವರಿಗೆಲ್ಲ ಗೊತ್ತಿರುವ ವಿಷಯ. ಮುನಿರಾಜುವಿಗೂ ಚೆನ್ನಾಗಿ ಗೊತ್ತಿತ್ತು. ಶಾರ್ಡ್ಲೋದಲ್ಲಿ ಅವನು ಅದನ್ನು ಬಿಗಿದು, ಕೈಯಿಂದ ಅಲುಗಾಡಿಸಿ ನೋಡಿದ್ದನ್ನು ನಾನು ಕಂಡಿದ್ದೇನೆ.

ನದಿ

ಸೋರ್ ನದಿಯಲ್ಲಿ ದೋಣಿ ಏರಿತು. ಎಂಜಿನ್ ಕಿರುಚಲಿಲ್ಲ, ತಗ್ಗಿದ ದನಿಯಲ್ಲಿ ಗುಡುಗಿತು. ಹಿಂದೆ ನೀರು ಕಡೆದ ಮಜ್ಜಿಗೆಯಂತೆ ನೊರೆಯೆದ್ದಿತು. ಮುನಿರಾಜು ಚುಕ್ಕಾಣಿಯ ಕೋಲು ಹಿಡಿದು ನಕ್ಕ. ಎರಡನೆಯ ಸಲ ಎಂದೆನಲ್ಲ, ಅದು ಇದೇ. ಆಮೇಲೆ ಮಗಳಿಗೆ ಫೋನು ಮಾಡಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

"ಶನಿವಾರಕ್ಕೆ ಬಂದ್ಬಿಡ್ತೀರಾ ಅಪ್ಪಾ?"

"ಬರ್ತೀನಮ್ಮಾ. ಈಗ ಎತ್ತು ಎಳೆದಂಗೆ ಎಳೀತೈತೆ. ನಿಮ್ಮ ಕೃಷ್ಣಪ್ಪ ಅಂಕಲ್ ಮುಂದೆ ಕೂತವ್ರೆ, ಭಾರ ಸರಿಯಾಗೈತೆ."

ನಮ್ಮ ಸೀಮೆಯವರಿಗೆ ಹರಿಯುವ ನದಿ ಒಂದು ಸಂಕೋಚದ ವಸ್ತು. ನಮಗೆ ನದಿಗಳ ಹೆಸರುಗಳಿವೆ, ಸೇತುವೆಗಳೂ ಇವೆ. ಯಾರಾದರೂ ತೀರಿಕೊಂಡರೆ ಬೂದಿ ಬಿಡಲು ಬಸ್ಸು ಮಾಡಿಕೊಂಡು ದೂರದ ಊರಿಗೆ ಹೋಗುತ್ತೇವೆ. ಲೆಸ್ಟರಿನಲ್ಲಿ ನೆಲೆಸಿದ ನಮ್ಮ ದೇಶದವರು ಆ ಕೆಲಸಕ್ಕೆ ಈ ಸೋರ್ ನದಿಗೇ ಬರುತ್ತಾರೆಂದು ಮುನಿರಾಜು ಹೇಳಿದ. ಅವನ ಮನೆಯವರು ಬೌದ್ಧರಾಗಿ ಒಂದು ತಲೆಮಾರು ಕಳೆದಿತ್ತು. ಕಮಲಮ್ಮನ ಬೂದಿಯನ್ನು ಅವನು ನೀರಿಗೆ ಬಿಟ್ಟಿರಲಿಲ್ಲ, ಒಂದು ಸೇಬಿನ ಗಿಡದ ಬುಡಕ್ಕೆ ಹಾಕಿದ್ದ. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅಳಲೂ ಇಲ್ಲ. ಆ ಗುರುವಾರದ ಹಿಂದಿನ ರಾತ್ರಿಯೂ ಅಂದಿನ ಬೆಳಿಗ್ಗೆಯೂ ಅವನು ಕುಡಿದದ್ದು ಟೀ ಮಾತ್ರ. ಅದೂ ಕಂಡದ್ದೇ.

ಬ್ಯಾರೋ

ಲಾಕಿಗೆ ಸ್ವಲ್ಪ ಕೆಳಗೆ ಎಂಜಿನ್ ದನಿ ಕುಗ್ಗಿತು. ಕರಿ ಹೊಗೆ ಬಂತು. ಪ್ರೊಪೆಲರಿಗೆ ಏನೋ ಸುತ್ತಿಕೊಂಡಿದೆ ಎಂದು ಮುನಿರಾಜು ದೋಣಿಯನ್ನು ದಂಡೆಗೆ ತಂದ. ನಾನು ಹಗ್ಗ ಕಟ್ಟಿದೆ. ಅವನು ಹಲಗೆ ಎತ್ತಿ, ಗುಂಡಿಗೆ ಇಳಿದು, ಪಟ್ಟಿ ಬಿಚ್ಚಿ, ಮುಚ್ಚಳ ತೆಗೆದು, ತೋಳು ಇಳಿಸಿದ. ಸ್ವಲ್ಪ ಹೊತ್ತಿಗೆ ಒಂದು ಬಟ್ಟೆಯ ತುದಿ ಮೇಲೆ ಬಂತು. ಕೆಂಪು ಬಟ್ಟೆ, ಜರಿ ಅಂಚು, ಅದರೊಳಗೆ ಸಿಕ್ಕಿಕೊಂಡ ತೆಂಗಿನ ನಾರು. ಮೇಲಿನಿಂದ ಯಾರೋ ಬಿಟ್ಟ ಗಂಟು ತೇಲಿಕೊಂಡು ಬಂದಿತ್ತು.

ದೋಣಿಯಲ್ಲಿ ಅದಕ್ಕೆಂದೇ ಒಂದು ಹಲ್ಲಿನ ಚಾಕು ಇರುತ್ತದೆ. ನಾನು ಅದನ್ನು ಕೊಡಲು ಹೋದೆ.

"ಬೇಡ ಕಣೋ," ಅಂದ. "ಯಾರದೋ ತಾಯಿದು ಇರ್ಬೋದು. ಕೊಯ್ಯೋದು ಬೇಡ."

"ನೀನ್ಯಾವಾಗಿಂದ ಇದನ್ನೆಲ್ಲ ನಂಬೋಕೆ ಶುರು ಮಾಡಿದೆ?"

"ನಾನು ನಂಬಲ್ಲ. ಬಿಟ್ಟೋರು ನಂಬಿದ್ರಲ್ಲ."

ಚಾಕುವಿನಿಂದ ಬೇಗ ಮುಗಿಯುತ್ತಿದ್ದ ಕೆಲಸ. ಅವನು ಆ ತಣ್ಣೀರಿನಲ್ಲಿ ಕೈ ಮರಗಟ್ಟುವ ತನಕ ಸುತ್ತು ಸುತ್ತಾಗಿ ಬಿಡಿಸಿದ. ಬಟ್ಟೆ ಹರಿಯಲಿಲ್ಲ. ಆಮೇಲೆ ಅವನು ಮುಚ್ಚಳವನ್ನು ಕಿಂಡಿಯ ಮೇಲೆ ಇಟ್ಟ. ಇದನ್ನು ಕಂಡೆ. ಪಟ್ಟಿಯನ್ನು ಪಕ್ಕದಲ್ಲಿ ಎಂಜಿನ್ ಮೇಲೆ ಇಟ್ಟಿದ್ದ. ಇದನ್ನೂ ಕಂಡೆ. ಆದರೆ ಪಟ್ಟಿಗೆ ತಿರುಪು ಬಿಗಿಯದಿದ್ದರೆ ಮುಚ್ಚಳ ನಿಲ್ಲುವುದಿಲ್ಲವೆಂಬುದು ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲಿಲ್ಲ. ಅವನ ಎರಡು ಕೈಯಲ್ಲೂ ಒದ್ದೆ ಬಟ್ಟೆಯಿತ್ತು. ಮೊದಲು ಇದಕ್ಕೊಂದು ಜಾಗ ನೋಡೋಣ ಎಂದು ದಂಡೆಗೆ ಇಳಿದ. ನೀರಿಗೇ ಬಿಟ್ಟರೆ ಮತ್ತೊಬ್ಬರ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ದಂಡೆಯ ಮೇಲಿನ ಪೊದೆಯ ಬುಡದಲ್ಲಿ ಅದನ್ನು ಮಡಿಸಿ ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿದ.

ಅಷ್ಟರಲ್ಲಿ ಲಾಕಿನಿಂದ ಒಂದು ದೋಣಿ ಹೊರಬಂತು. ಕೆನ್ ಮತ್ತು ವೆಂಡಿ. ಡಾಂಬರಿನ ಕೆಲಸ ಮುಗಿಸಿ, ನಮಗಿಂತ ಮೊದಲೇ ಹೊರಟು, ಮೊಮ್ಮಕ್ಕಳನ್ನು ನೋಡಿಬರಲು ಅವರು ಮೇಲಕ್ಕೆ ಹೋಗಿದ್ದರು, ಈಗ ಹಿಂತಿರುಗುತ್ತಿದ್ದರು. ಕೆನ್ ಕೈಬೀಸಿ, ನಿಮಗಾಗಿ ಬಾಗಿಲು ತೆರೆದೇ ಬಿಟ್ಟಿದ್ದೇವೆ, ಬನ್ನಿ ಬನ್ನಿ ಎಂದು ಕೂಗಿದರು. ಎದುರಿನಿಂದ ದೋಣಿ ಬರುವುದು ಕಂಡರೆ ಲಾಕಿನ ಬಾಗಿಲು ಮುಚ್ಚದೆ ಬಿಡುವುದು ಅಲ್ಲಿಯ ಸೌಜನ್ಯ. ತೆರೆದ ಬಾಗಿಲಿಗೆ ತಡಮಾಡದೆ ಹೋಗುವುದು ಅದಕ್ಕೆ ತಿರುಗಿ ತೋರುವ ಸೌಜನ್ಯ. ಎರಡನ್ನೂ ಮುನಿರಾಜು ಬಹಳ ಪಾಲಿಸುತ್ತಿದ್ದ. ಹೊರಗಿನವನು ಎಂದು ಯಾರೂ ಬೆರಳು ತೋರಿಸಬಾರದೆಂಬ ಎಚ್ಚರ ಅವನಿಗೆ ಯಾವಾಗಲೂ ಇತ್ತು. ನೀನು ನಡೆದು ಹೋಗಿ ಬಾಗಿಲ ಹತ್ತಿರ ನಿಂತಿರು, ನಾನು ತರ್ತೀನಿ ಎಂದು ಹಗ್ಗ ಬಿಚ್ಚಿದ. ಹಲಗೆ ಮುಚ್ಚಿ ಎಂಜಿನ್ ಹಚ್ಚಿದ. ನಾನು ತಿರುಗಿ ನಡೆದೆ. ನಡೆಯುವಾಗ ನನ್ನ ಬೆನ್ನು ಅವನ ಕಡೆಗಿತ್ತು. ಆ ನಡುವೆ ಅವನು ಮತ್ತೆ ಗುಂಡಿಗೆ ಬಗ್ಗಿದನೋ ಇಲ್ಲವೋ ನಾನು ಕಾಣಲಿಲ್ಲ. ಬಗ್ಗಿರಲಿಕ್ಕಿಲ್ಲ.

ಕಲ್ಲುಹಾಸಿನ ಮೇಲೆ ನಿಂತು ತಿರುಗಿದಾಗ ದೋಣಿ ನದಿಯ ನಡುವೆ ಇತ್ತು. ಅಲ್ಲಿ ಪಕ್ಕದ ಒಡ್ಡಿನಿಂದ ಧುಮುಕಿದ ನೀರು ಬಂದು ಸೇರುತ್ತದೆ. ಅದನ್ನು ದಾಟಿ ಲಾಕಿನ ಬಾಯಿಗೆ ಬರಲು ಅವನು ಪೂರ್ತಿ ಜೋರು ಕೊಟ್ಟಿದ್ದ. ಹಿಂಬದಿ ತಗ್ಗಿತ್ತು. ಗ್ರಹಾಂ ಹೇಳಿದ್ದು ಇದೇ ಎಂದುಕೊಂಡೆ. ಪ್ರೊಪೆಲರ್ ಚೆನ್ನಾಗಿ ಕಚ್ಚುತ್ತಿದೆ ಎಂದು ನನಗೆ ಸಂತೋಷವೇ ಆಯಿತು. ಆಮೇಲೆ ಅದು ಇನ್ನೂ ತಗ್ಗಿತು. ಮುನಿರಾಜು ಕಾಲ ಕೆಳಗೆ ನೋಡಿದ. ಎಂಜಿನ್ ನಿಲ್ಲಿಸಿದ. ನೀರು ದೋಣಿಯನ್ನು ಅಡ್ಡ ತಿರುಗಿಸತೊಡಗಿತು.

ಈಗ ಹೇಳುವುದು ಮುಖ್ಯ. ಅವನು ನೀರಿಗೆ ಹಾರಲಿಲ್ಲ. ಹಲಗೆ ಎತ್ತಿ ಎಸೆದು ಗುಂಡಿಗೆ ಇಳಿದ. ಸೊಂಟದ ತನಕ ನೀರಿತ್ತು. ಬಗ್ಗಿದ. ಬಲಭುಜ ಮುಂದಕ್ಕೆ ಹಿಂದಕ್ಕೆ ಆಡುತ್ತಿತ್ತು, ಏನನ್ನೋ ತಿರುಗಿಸುವವನ ಹಾಗೆ. ಬಿಟ್ಟು ಬಾ ಎಂದು ನಾನು ಕೂಗಿದೆ. ಅವನು ತಲೆಯೆತ್ತಿ, ನನ್ನ ಕಡೆ ನೋಡಿ, ಜೋರಾಗಿ ಹೇಳಿದ.

"ತಡಿಯೋ, ಇನ್ನೆರಡು ಸುತ್ತು."

ಮತ್ತೆ ಬಗ್ಗಿದ. ಹಿಂಬದಿ ಪೂರ್ತಿ ಮುಳುಗಿತು. ಮುಂಬದಿ ಮೇಲೆದ್ದು, ದೋಣಿ ಒಂದು ಮಗ್ಗುಲಿಗೆ ವಾಲಿತು. ಒಳಗಿನ ಪಾತ್ರೆಗಳೆಲ್ಲ ಒಮ್ಮೆಗೇ ಬಿದ್ದ ಸದ್ದು ನನಗೆ ಕೇಳಿಸಿತು. ಮುನಿರಾಜು ಕಾಣಲಿಲ್ಲ.

ನನಗೆ ಈಜು ಬರುವುದಿಲ್ಲ. ದಂಡೆಯ ಉದ್ದಕ್ಕೆ ಓಡಿದೆ. ಕೆನ್ ತಮ್ಮ ದೋಣಿಯನ್ನು ಹಿಮ್ಮುಖವಾಗಿ ತಂದರು. ಎದುರು ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬರು ಕೋಟು ಕಿತ್ತೆಸೆದು ನೀರಿಗೆ ಇಳಿದರು. ಅವರು ಮುನಿರಾಜುವನ್ನು ಹೊರಗೆಳೆದು ಕೆನ್ ದೋಣಿಗೆ ಹತ್ತಿಸಿದರು. ವೆಂಡಿ ಅವನ ಎದೆ ಒತ್ತುತ್ತಲೇ ಇದ್ದರು. ಹೆಲಿಕಾಪ್ಟರ್ ಬಂದು, ವೈದ್ಯರು ಕೈ ಹಿಡಿದು ತಡೆಯುವ ತನಕ ಅವರು ನಿಲ್ಲಿಸಲಿಲ್ಲ.

ಕೆಲವು ದಿನಗಳ ನಂತರ ಕ್ರೇನು ತಂದು ದೋಣಿ ಎತ್ತಿದರು. ನಾನು ಹೋಗಿದ್ದೆ. ಗುಂಡಿಯನ್ನು ನೋಡಲು ಅಧಿಕಾರಿ ನನ್ನನ್ನೂ ಕರೆದರು. ಎಂಜಿನ್ ಮೇಲಿದ್ದ ಪಟ್ಟಿ ಮುಚ್ಚಳದ ಮೇಲೆ ತನ್ನ ಜಾಗದಲ್ಲಿ ಕೂತಿತ್ತು. ತಿರುಪು ಅರ್ಧಕ್ಕಿಂತ ಹೆಚ್ಚು ಬಿಗಿದಿತ್ತು. ಸಾಯಲು ಇಳಿದವನು ತಿರುಪು ಬಿಗಿಯುವುದಿಲ್ಲ.

ಲೆಸ್ಟರ್

ಸುಮ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. ಅಪ್ಪ ಕೊನೆಗೆ ಏನಂದರು ಎಂದು. ಹೇಳಿದೆ. ಅವಳು ಕೂಸನ್ನು ಭುಜ ಬದಲಾಯಿಸಿ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತಳು. ಆ ಕಿಟಕಿಯಿಂದ ದೋಣಿಕಟ್ಟೆ ಕಾಣುತ್ತದೆ. ಸಾಲಿನಲ್ಲಿ ಕಟ್ಟಿದ ದೋಣಿಗಳ ನಡುವೆ ಒಂದು ಕಡೆ ಬರೀ ನೀರು. ಮುಂದಿನ ವಾರ ಅಲ್ಲಿ ಯಾರದೋ ಹಸಿರು ದೋಣಿ ಬಂದು ನಿಂತಿತು.

ಬೂದಿಯ ಮಾತು ಬಂದಾಗ ಅವಳು, "ನೀರಿಗೆ ಬೇಡ ಅಂಕಲ್," ಅಂದಳು. ಅರ್ಧವನ್ನು ಸೇಬಿನ ಗಿಡದ ಬುಡಕ್ಕೆ ಹಾಕಿದಳು. ಅರ್ಧವನ್ನು ನನ್ನ ಕೈಯಲ್ಲಿ ಕೊಟ್ಟಳು.

ಕೆಂಚಾರ್ಲಹಳ್ಳಿ

ಮುನಿರಾಜುವಿನ ಅಣ್ಣ ಮುನಿಶಾಮಪ್ಪನವರು ತಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಗುಂಡಿ ತೋಡಿಸಿದ್ದರು. ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಮುಂದೆ ನಡೆದರು. ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ನನ್ನ ಹತ್ರ ನಿಜ ಹೇಳಪ್ಪಾ ಕೃಷ್ಣಪ್ಪ. ಬೇಕಂತಲೇ ಹೋದ್ನಾ?"

"ಇಲ್ಲಣ್ಣಾ. ದೋಣಿ ಉಳಿಸ್ಕೊಳ್ಳೋಕೆ ಇಳಿದ. ಶನಿವಾರ ಮಗಳ ಮನೆಗೆ ಹೋಗ್ಬೇಕಿತ್ತು ಅವನು."

"ಹಂಗಂತ ಬರೆದುಕೊಡ್ತೀಯಾ? ಊರಿನೋರು ಬಾಯಿಗೆ ಬಂದಂಗೆ ಆಡ್ತವ್ರೆ."

ಬರೆದಿದ್ದೇನೆ. ನನ್ನೊಬ್ಬನ ಮಾತು ಸಾಲದು ಎನ್ನುವವರಿಗೆ ಉಳಿದವರ ವಿಷಯ ಹೇಳುತ್ತೇನೆ. ಅಂದು ಅದನ್ನು ಕಂಡವರು ನನ್ನನ್ನು ಬಿಟ್ಟು ಮೂವರು. ಕೆನ್ ಈ ಬೇಸಿಗೆಯಲ್ಲಿ ತೀರಿಕೊಂಡರು. ಬಾಗಿಲು ತೆರೆದು ಬಿಟ್ಟದ್ದೇ ತಪ್ಪಾಯಿತು ಎಂದು ಕೊನೆಯ ತನಕ ಹೇಳುತ್ತಿದ್ದರಂತೆ. ಅದು ತಪ್ಪಲ್ಲ. ನೀರಿಗೆ ಇಳಿದವರ ಹೆಸರು ಡೆನಿಸ್. ಬದುಕಿದ್ದಾರೆ, ಈಗ ಆ ಕಡೆ ಮೀನು ಹಿಡಿಯಲು ಹೋಗುವುದಿಲ್ಲ. ವೆಂಡಿ ಬದುಕಿದ್ದಾರೆ. ಅದೇ ದೋಣಿಯಲ್ಲಿ ಒಬ್ಬರೇ ಇದ್ದಾರೆ.